ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬೆಲೆ ಇಳಿದಿದೆ, ಖರ್ಚು ಇಳಿದಿಲ್ಲ!

ಐದಾರು ವರ್ಷ ಓಡಿದ ಸ್ಪೋರ್ಟ್ಸ್ ಕಾರು ಹೊಸ ದೊಡ್ಡ ಎಸ್‌ಯುವಿಯ ಬೆಲೆಗೇ ಸಿಗುತ್ತೆ ಅಂದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ? ಸಂಬಳ ಚೆನ್ನಾಗಿದೆ, ಸಾಲ ಕೊಡೋಕೆ ಬ್ಯಾಂಕ್ ರೆಡಿ ಇದೆ. ಆದರೆ ಒಂದು ವಿಷಯ ನೆನಪಿರಲಿ. ಕೋಟಿ ರೂಪಾಯಿಯ ಕಾರು ಅರ್ಧ ಬೆಲೆಗೆ ಸಿಕ್ಕರೂ ಅದರ ಟೈರು, ಬ್ರೇಕು, ಬಿಡಿಭಾಗಗಳಿಗೆ ಕೋಟಿ ರೂಪಾಯಿ ಕಾರಿನ ರೇಟೇ!

ಟೈರಿನ ಲೆಕ್ಕ

ಸ್ಪೋರ್ಟ್ಸ್ ಕಾರಿನ ಟೈರು ರಸ್ತೆಗೆ ಗಟ್ಟಿಯಾಗಿ ಅಂಟಿಕೊಳ್ಳಲಿ ಅಂತ ಮೆದು ರಬ್ಬರ್ ಬಳಸಿರ್ತಾರೆ. ಹಾಗಾಗಿ ಬೇಗ ಸವೆಯುತ್ತೆ. ಹಲವು ಮಾಡೆಲ್‌ಗಳಲ್ಲಿ ಹಿಂದಿನ ಟೈರು ಮುಂದಿನದ್ದಕ್ಕಿಂತ ಅಗಲ, ಹಿಂದೆ ಮುಂದೆ ಬದಲಾಯಿಸಿ ಓಡಿಸೋಕೂ ಆಗಲ್ಲ. ಗೋಡೆ ತೆಳುವಾದ್ದರಿಂದ ಒಂದು ಹೊಂಡಕ್ಕೆ ಬಿದ್ದರೆ ಟೈರು ಉಬ್ಬಬಹುದು, ಅಲಾಯ್ ಬಾಗಬಹುದು. ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2321 ಅಂದ್ರೆ 2021ರ 23ನೇ ವಾರ ತಯಾರಾದದ್ದು.

ನಿಂತರೂ ಖರ್ಚೇ

‘ಭಾನುವಾರ ಮಾತ್ರ ಓಡಿಸ್ತೀನಿ, ಏನು ಖರ್ಚು ಬರುತ್ತೆ?’ ಅನ್ನೋರಿದ್ದಾರೆ. ಅಲಾರಂ, ಕಂಪ್ಯೂಟರ್‌ಗಳು ನಿಂತಲ್ಲೇ ಬ್ಯಾಟರಿ ಹೀರುತ್ತಿರುತ್ತವೆ. ಮನೆಯಲ್ಲೊಂದು ಬ್ಯಾಟರಿ ಮೇಂಟೇನರ್ ಇರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕಿಲೋಮೀಟರ್ ಆಗದಿದ್ದರೂ ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಸ್ಟಾರ್ಟ್ ಮಾಡಿದ ತಕ್ಷಣ ಆಕ್ಸಿಲರೇಟರ್ ಒತ್ತಿ ಸದ್ದು ಮಾಡಬೇಡಿ, ಆಯಿಲ್ ಬಿಸಿಯಾಗುವ ತನಕ ನಿಧಾನವಾಗಿ ಓಡಿಸಿ.

ಇನ್ಶೂರೆನ್ಸ್ ಸೂಕ್ಷ್ಮ

ಕಾರು ಹಳೆಯದಾದಂತೆ ಐಡಿವಿ ಇಳಿಯುತ್ತೆ, ರಿಪೇರಿ ಬಿಲ್ ಇಳಿಯಲ್ಲ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಂಪನಿ ಅದನ್ನು ‘ಟೋಟಲ್ ಲಾಸ್’ ಅನ್ನುತ್ತೆ. ಅಂದರೆ ರಿಪೇರಿ ಮಾಡಬಹುದಾದ ಕಾರೂ ಕೈ ತಪ್ಪಬಹುದು. ಝೀರೋ ಡೆಪ್ರಿಸಿಯೇಷನ್ ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ.

ಹೊರರಾಜ್ಯದ ನಂಬರ್

ದೆಹಲಿಯಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಂದುಬಿಟ್ಟರೆ ಮುಗಿಯಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದರೆ ಲೆಕ್ಕ ಶುರುವಾಗೋದು ಹೊಸ ಕಾರಿನ ಬೆಲೆಯಿಂದಲೇ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರಿನ ಫೆರಾರಿಯೊಂದನ್ನು ಸಾರಿಗೆ ಅಧಿಕಾರಿಗಳು ಹಿಡಿದಾಗ ಕಟ್ಟಬೇಕಾಗಿ ಬಂದದ್ದು 1.4 ಕೋಟಿ ರೂಪಾಯಿಗೂ ಹೆಚ್ಚು.

ಬಿಡಿಭಾಗ ಸಿಗುತ್ತಾ?

ಫೋರ್ಡ್ ಮಸ್ಟ್ಯಾಂಗ್ 2016ರಲ್ಲಿ ಭಾರತಕ್ಕೆ ಬಂತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಇಂಥ ಕಾರು ಕೊಳ್ಳುವ ಮುನ್ನ ನಿಮ್ಮ ಊರಲ್ಲಿ ಅದನ್ನು ಬಲ್ಲ ವರ್ಕ್‌ಶಾಪ್ ಯಾವುದು, ಬಿಡಿಭಾಗ ಬರೋಕೆ ಎಷ್ಟು ದಿನ ಅಂತ ವಿಚಾರಿಸಿ.

ಅಡ್ವಾನ್ಸ್ ಕೊಡುವ ಮುನ್ನ ವರ್ಕ್‌ಶಾಪ್‌ಗೆ ಮೂರೇ ಪ್ರಶ್ನೆ ಕೇಳಿ: ನಾಲ್ಕು ಟೈರಿಗೆ ಎಷ್ಟು? ಬ್ರೇಕ್ ಡಿಸ್ಕ್, ಪ್ಯಾಡ್ ಸೆಟ್‌ಗೆ ಎಷ್ಟು? ವರ್ಷದ ಸರ್ವಿಸ್‌ಗೆ ಎಷ್ಟು? ಮೂರನ್ನೂ ಕೂಡಿಸಿ. ಇಎಂಐ, ಮನೆ ಖರ್ಚು ಕಳೆದ ಮೇಲೂ ಅಷ್ಟು ದುಡ್ಡು ಪ್ರತ್ಯೇಕವಾಗಿ ಇಡೋಕೆ ಆಗುತ್ತಾ? ಹಾಗಾದರೆ ಧೈರ್ಯವಾಗಿ ತಗೊಳ್ಳಿ. ಆಗಲ್ವಾ? ಇನ್ನೆರಡು ವರ್ಷ ಕಾಯಿರಿ. ಅಷ್ಟರಲ್ಲಿ ಅದೇ ಕಾರಿನ ಬೆಲೆ ಇನ್ನಷ್ಟು ಇಳಿದಿರಬಹುದು, ನಿಮ್ಮ ಉಳಿತಾಯವಂತೂ ಏರಿರುತ್ತೆ.