ಫ್ರೇಮ್ ದರ ಹೆಚ್ಚಿದರೆ ಆಟ ಗೆದ್ದಂತೆಯೇ? ಆವೃತ್ತಿ ಪಾಠಕ್ಕೊಂದು ಉದಾಹರಣೆ

ಆವೃತ್ತಿ ಮತ್ತು ಅವಧಿಯ ಸಂಬಂಧ ಕಲಿಸುವಾಗ ನಾವು ಸಾಮಾನ್ಯವಾಗಿ ಲೋಲಕ, ಶ್ರುತಿಕವೆಗಳನ್ನು ಬಳಸುತ್ತೇವೆ. ಈ ಸಲದ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನಾನು ಕಂಪ್ಯೂಟರ್ ಗೇಮಿನ ಫ್ರೇಮ್ ದರವನ್ನು ಆರಿಸಿಕೊಂಡೆ. ಮಕ್ಕಳಲ್ಲಿ ಎರಡು ವಿರುದ್ಧ ನಂಬಿಕೆಗಳಿದ್ದವು: ಕಣ್ಣಿಗೆ ಸೆಕೆಂಡಿಗೆ 24 ಚಿತ್ರಕ್ಕಿಂತ ಹೆಚ್ಚು ಕಾಣುವುದೇ ಇಲ್ಲ, 240 ಇದ್ದರೆ ಸೋಲೇ ಇಲ್ಲ. ಎರಡನೆಯದನ್ನು ನಂಬಿ ಮನೆಯಲ್ಲಿ ಹೊಸ ಮಾನಿಟರಿಗೆ ಹಟ ಹಿಡಿದವನೂ ತರಗತಿಯಲ್ಲಿದ್ದ.

ಗೇಮಿನ ಚಲನೆಯೆಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ಆವೃತ್ತಿ. ಒಂದು ಚಿತ್ರ ನಿಲ್ಲುವ ಕಾಲ ಅವಧಿ. 1000 ಮಿಲಿಸೆಕೆಂಡನ್ನು ದರದಿಂದ ಭಾಗಿಸಲು ಹೇಳಿದೆ. ಕಪ್ಪುಹಲಗೆಯ ಮೇಲೆ ಬಂದ ಉತ್ತರಗಳಿವು:

30 – 33.3
60 – 16.7
120 – 8.3
240 – 4.2

ದರ ಪ್ರತಿ ಸಲ ಇಮ್ಮಡಿಯಾದರೂ ಉಳಿತಾಯ ಸುಮಾರು 17, 8, 4 ಎಂದು ಅರ್ಧರ್ಧ ಇಳಿಯುತ್ತದೆ. ವ್ಯುತ್ಕ್ರಮ ಸಂಬಂಧದ ಸ್ವಭಾವವೇ ಇದು ಎಂಬುದನ್ನು ಮಕ್ಕಳೇ ಗುರುತಿಸಿದರು.

ಮುಂದಿನದು ಅಳತೆಪಟ್ಟಿ ಬೀಳಿಸಿ ಹಿಡಿಯುವ ಚಟುವಟಿಕೆ. ಪಟ್ಟಿ 20 ಸೆಂ.ಮೀ. ಜಾರಿದ ಮೇಲೆ ಹಿಡಿದರೆ ಸುಮಾರು 200 ಮಿಲಿಸೆಕೆಂಡ್ ಕಳೆದಿರುತ್ತದೆ. ಇದರ ಮುಂದೆ 4 ಮಿಲಿಸೆಕೆಂಡ್ ಶೇ. 2 ಮಾತ್ರ.

ಹಾಗೆಂದು ಹೆಚ್ಚಿನ ದರ ವ್ಯರ್ಥವೆನ್ನುವಂತಿಲ್ಲ. 1920 ಪಿಕ್ಸೆಲ್ ಅಗಲದ ಪರದೆಯನ್ನು ಒಂದು ಸೆಕೆಂಡಿನಲ್ಲಿ ದಾಟುವ ಗುರಿ, 60ರಲ್ಲಿ ಪ್ರತಿ ಚಿತ್ರಕ್ಕೆ 32 ಪಿಕ್ಸೆಲ್ ಜಿಗಿಯುತ್ತದೆ. 240ರಲ್ಲಿ 8 ಮಾತ್ರ. ಈ ನುಣುಪು ಕಣ್ಣಿಗೆ ತಿಳಿಯುತ್ತದೆ. ಸಿನಿಮಾಕ್ಕೆ 24 ಸಾಕಾಗಲು ಒಂದು ಕಾರಣ, ಚಲನೆಯ ಮಸುಕು ಪ್ರತಿ ಚಿತ್ರದಲ್ಲೂ ಸೇರಿರುವುದು. ಸರಿಸಮ ಆಟಗಾರರ ವೇಗದ ಗುಂಡಿನಾಟದಲ್ಲಿ ಕೆಲವೇ ಮಿಲಿಸೆಕೆಂಡುಗಳಿಗೂ ಬೆಲೆಯುಂಟು; ಚದುರಂಗದಲ್ಲಿ ಇಲ್ಲ. ಅಲ್ಲದೆ, ಕಂಪ್ಯೂಟರ್ 240 ಚಿತ್ರ ತಯಾರಿಸಿದರೂ 60 ಹರ್ಟ್ಜ್ ಪರದೆ ಸೆಕೆಂಡಿಗೆ 60 ಬಾರಿ ಮಾತ್ರ ಹೊಸದಾಗುತ್ತದೆ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ‘ಕೊಳ್ಳಬೇಕೇ, ಬೇಡವೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ತೀರ್ಪು ಕೊಡಬೇಡಿ, ಗೇಮ್ ಹಾಳೆಂದು ಬೈದು ಕೂರಿಸಲೂಬೇಡಿ. 144ರಿಂದ 240ಕ್ಕೆ ಹೋದರೆ ಚಿತ್ರವೊಂದಕ್ಕೆ ಎಷ್ಟು ಕಾಲ ಉಳಿಯುತ್ತದೆಂದು ಮೌಲ್ಯಮಾಪನದಲ್ಲಿ ಕೇಳಿ. ಉತ್ತರ ಸುಮಾರು 2.8 ಮಿಲಿಸೆಕೆಂಡ್. ಅದಕ್ಕೆ ತೆರಬೇಕಾದ ಹಣವನ್ನು ಪಕ್ಕದಲ್ಲಿ ಬರೆದು, ಲೆಕ್ಕವನ್ನು ಮನೆಯವರ ಮುಂದಿಡುವುದು ವಿದ್ಯಾರ್ಥಿಯ ಕೆಲಸ.