ಏಪ್ರಿಲ್ 23: ತಾರೀಖು ಒಂದೇ, ದಿನ ಬೇರೆ

ಇವತ್ತು ಏಪ್ರಿಲ್ 23. ಬೆಳಗ್ಗೆಯಿಂದ ನಿಮ್ಮ ಫೋನಲ್ಲೂ ಶೇಕ್ಸ್‌ಪಿಯರ್ ಹುಟ್ಟುಹಬ್ಬದ ಪೋಸ್ಟ್‌ಗಳು ಬಂದಿರಬೇಕು. ಅದಕ್ಕೂ ಮೊದಲು ನಮ್ಮಜ್ಜಿಯ ವಿಷಯ ಹೇಳ್ತೀನಿ.

ನಮ್ಮಜ್ಜಿ ಆಧಾರ್ ಕಾರ್ಡಲ್ಲಿ ಜನವರಿ 1 ಅಂತಿದೆ. ಅಜ್ಜಿ ಒಪ್ಪಲ್ಲ. ‘ನಾನು ಹುಟ್ಟಿದ್ದು ಯುಗಾದಿ ಕಳೆದ ಮೇಲೆ ಕಣೋ, ಮಿಡಿ ಉಪ್ಪಿನಕಾಯಿ ಹಾಕೋ ಹೊತ್ತಲ್ಲಿ’ ಅಂತಾರೆ. ಯಾವತ್ತು ಅಂತ ಬರೆದಿಟ್ಟವರು ಯಾರೂ ಇಲ್ಲ. ಕಾರ್ಡಿಗೆ ಒಂದು ತಾರೀಖು ಬೇಕಿತ್ತು, ಯಾರೋ ಒಂದು ಹಾಕಿದರು, ಅಷ್ಟೇ.

ತಮಾಷೆ ಏನು ಗೊತ್ತಾ? ಶೇಕ್ಸ್‌ಪಿಯರ್‌ದೂ ಇದೇ ಕಥೆ. ಆತ ಹುಟ್ಟಿದ ದಿನಕ್ಕೆ ದಾಖಲೆ ಇಲ್ಲ. ಇರೋದು ಸ್ಟ್ರಾಟ್‌ಫರ್ಡ್ ಊರಿನ ಚರ್ಚ್ ಪುಸ್ತಕದಲ್ಲಿ ಒಂದು ಸಾಲು: 1564ರ ಏಪ್ರಿಲ್ 26ರಂದು ದೀಕ್ಷಾಸ್ನಾನ ಆಯಿತು ಅಂತ. ಆ ಕಾಲದಲ್ಲಿ ಮಗು ಹುಟ್ಟಿ ಕೆಲವೇ ದಿನಕ್ಕೆ ಈ ಶಾಸ್ತ್ರ ಮಾಡ್ತಿದ್ದರು. ಆತ ತೀರಿಕೊಂಡಿದ್ದು 1616ರ ಏಪ್ರಿಲ್ 23ಕ್ಕೆ. ಹುಟ್ಟಿದ್ದೂ 23 ಅಂದರೆ ಲೆಕ್ಕ ಚೆನ್ನಾಗಿ ಕೂರುತ್ತೆ ಅಂತ ಜನ ಅದನ್ನೇ ಹಿಡಿದುಕೊಂಡರು.

ಸ್ಪೇನ್‌ನ ಸರ್ವಾಂಟಿಸ್, ಅಂದರೆ ‘ಡಾನ್ ಕ್ವಿಕ್ಸೋಟ್’ ಬರೆದವರು, ಅದೇ ದಿನ ತೀರಿಕೊಂಡರು ಅಂತಲೂ ಓದಿರ್ತೀರಿ. ತಾರೀಖು ಒಂದೇ ಇರಬಹುದು, ದಿನ ಮಾತ್ರ ಒಂದೇ ಅಲ್ಲ! ಹಳೆಯ ಜೂಲಿಯನ್ ಕ್ಯಾಲೆಂಡರ್ ವರ್ಷಕ್ಕೆ ಸುಮಾರು 11 ನಿಮಿಷ ತಪ್ಪುತ್ತಿತ್ತು. ಅದನ್ನು ಸರಿಮಾಡಲು 1582ರಲ್ಲಿ ಸ್ಪೇನ್ ಅಕ್ಟೋಬರ್ 4ರ ಮರುದಿನವನ್ನೇ 15 ಅಂತ ಎಣಿಸಿತು. ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಹಾಗಾಗಿ ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನ್‌ನಲ್ಲಿ ಆಗಲೇ ಮೇ 3. ಇನ್ನೂ ಒಂದು: ಸರ್ವಾಂಟಿಸ್ ತೀರಿಕೊಂಡಿದ್ದು 22ಕ್ಕೆ, 23 ಮಣ್ಣು ಮಾಡಿದ ದಿನ ಅಂತ ವಿದ್ವಾಂಸರ ಲೆಕ್ಕ.

ಹಾಗಿದ್ದರೂ 1995ರಲ್ಲಿ ಯುನೆಸ್ಕೋ ಇದೇ ತಾರೀಖನ್ನು ವಿಶ್ವ ಪುಸ್ತಕ ದಿನ ಅಂತ ಆರಿಸಿಕೊಂಡಿತು. ಬಾರ್ಸಿಲೋನಾದಲ್ಲಿ ಇವತ್ತು ಜನ ಒಬ್ಬರಿಗೊಬ್ಬರು ಗುಲಾಬಿ, ಪುಸ್ತಕ ಕೊಡ್ತಾರೆ. ತಾರೀಖಿನ ಲೆಕ್ಕ ಸಡಿಲ, ಆದರೆ ಅದರ ನೆಪದಲ್ಲಿ ಕೈಗೆ ಬರೋ ಪುಸ್ತಕ ನಿಜ.

ಈಗ ನಮ್ಮ ಕಡೆ ಬರೋಣ. ಗಾಯಕಿ ಎಸ್. ಜಾನಕಿ ಹುಟ್ಟಿದ್ದು 1938ರ ಏಪ್ರಿಲ್ 23ರಂದು, ಆಂಧ್ರದ ರೇಪಲ್ಲೆ ಹತ್ತಿರ. ಮನೆಮಾತು ತೆಲುಗು. ಆದರೆ ಅವರ ಕನ್ನಡ ಕೇಳಿದರೆ ಹೊರಗಿನವರು ಅಂತ ಅನಿಸೋದೇ ಇಲ್ಲ. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಜೊತೆ ಅವರು ಹಾಡಿದ್ದನ್ನು ಇವತ್ತು ಒಮ್ಮೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಶಹನಾಯಿ ಎಲ್ಲಿ ನಿಂತಿತು, ದನಿ ಎಲ್ಲಿ ಶುರುವಾಯಿತು ಅಂತ ಹುಡುಕಬೇಕಾಗುತ್ತೆ.

ಇದೇ ತಾರೀಖಿಗೆ, 1992ರಲ್ಲಿ, ಕೋಲ್ಕತ್ತಾದಲ್ಲಿ ಸತ್ಯಜಿತ್ ರೇ ತೀರಿಕೊಂಡರು. ಆಸ್ಪತ್ರೆ ಹಾಸಿಗೆಯಿಂದಲೇ ಆಸ್ಕರ್ ಗೌರವ ಸ್ವೀಕರಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಪುಸ್ತಕ ದಿನಕ್ಕೆ ರೇ ನೆನಪು ಸರಿಯಾಗಿ ಹೊಂದುತ್ತೆ. ಸಿನಿಮಾಕ್ಕೆ ಬರೋ ಮೊದಲು ಅವರು ಪುಸ್ತಕಗಳಿಗೆ ಮುಖಪುಟ, ಚಿತ್ರ ಬರೀತಿದ್ದರು. ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಅದನ್ನು ಸಿನಿಮಾ ಮಾಡೋ ಆಸೆ ಹುಟ್ಟಿದ್ದು. ಆ ಸಿನಿಮಾ 1955ರಲ್ಲಿ ಬಂತು.

ಇಷ್ಟೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ‘ಶೇಕ್ಸ್‌ಪಿಯರ್‌ಗೇ ಅಂದಾಜಿನ ತಾರೀಖು ನಡೆಯುತ್ತೆ, ನಿಮಗೂ ಒಂದು ಆರಿಸೋಣ’ ಅಂದೆ. ಅಜ್ಜಿ ನಕ್ಕರು. ‘ತಾರೀಖು ಯಾಕೋ, ಮಿಡಿ ಬಂದಾಗ ಬಾ’ ಅಂದರು.

ಮಿಡಿ ಬಂದಿದೆಯಂತೆ. ಈ ಶನಿವಾರ ಊರಿಗೆ ಹೊರಟಿದ್ದೀನಿ. ನಿಮ್ಮನೆ ಹಿರಿಯರನ್ನೂ ಒಮ್ಮೆ ಕೇಳಿ: ಕಾರ್ಡಲ್ಲಿರೋದು ಬಿಡಿ, ನೀವು ಹುಟ್ಟಿದಾಗ ಏನಾಗ್ತಿತ್ತು ಅಂತ. ಅವರು ಹೇಳಿದ್ದನ್ನು ಫೋನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.