ಅನಿಲದ ಕೊಳವೆ ಮತ್ತು ತೋಟದ ಹಕ್ಕು

ಬೆಂಗಳೂರಿನ ಬೆಳ್ಳಂದೂರು ಕಡೆಯ ಹಲವು ಮನೆಗಳಲ್ಲಿ ಈಗ ಸಿಲಿಂಡರಿನ ಬದಲು ಕೊಳವೆಯಲ್ಲಿ ಬರುವ ಅನಿಲದಿಂದ ಒಲೆ ಉರಿಯುತ್ತಿದೆ. ಈ ಅನಿಲ ಬೆಳ್ಳಂದೂರಿನ ನೆಲದಲ್ಲಿ ಸಿಕ್ಕಿದ್ದಲ್ಲ. ಮಹಾರಾಷ್ಟ್ರದ ದಾಭೋಲಿನಿಂದ ಬೆಂಗಳೂರಿಗೆ ಬರುವ ಕೊಳವೆ ಮಾರ್ಗ 2013ರಲ್ಲಿ ಸಿದ್ಧವಾಯಿತು. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ 450 ಕಿಲೋಮೀಟರಿನ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇಂತಹ ಮಾರ್ಗಗಳು ಅಡಿಕೆಯ ಸೀಮೆಯನ್ನೂ ಹಾದುಹೋಗುವುದರಿಂದ ಬೆಳೆಗಾರರು ತಮ್ಮ ಹಕ್ಕನ್ನು ತಿಳಿದಿರುವುದು ಅಗತ್ಯ.

ನೆಲದಡಿಯ ಅನಿಲ ಯಾರದು? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಖನಿಜದ ಹಕ್ಕು ಖಾಸಗಿ ಆಸ್ತಿ. ಹಕ್ಕುದಾರನು ಅದನ್ನು ಕಂಪೆನಿಗೆ ಗುತ್ತಿಗೆ ಕೊಟ್ಟು ಕನಿಷ್ಠ ಎಂಟನೇ ಒಂದು ಪಾಲು ರಾಯಧನ ಪಡೆಯುತ್ತಾನೆ. ನಮ್ಮಲ್ಲಿ ಹಾಗಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 70ನೇ ಕಲಮಿನಂತೆ, ಹಿಂದಿನ ಕಾನೂನು ಅಥವಾ ಮಂಜೂರಾತಿಯಲ್ಲಿ ಬೇರೆ ರೀತಿ ಹೇಳಿದ್ದರ ಹೊರತು, ಖನಿಜಗಳ ಹಕ್ಕು ಸರಕಾರದ್ದು. ಅಲ್ಲದೆ ಮಲೆನಾಡಿನ ಅಡಿಯಲ್ಲಿರುವುದು ಪುರಾತನ ಗಟ್ಟಿ ಬಂಡೆ. ಅನಿಲ ಸಿಗುವುದು ಸಾಮಾನ್ಯವಾಗಿ ಕೃಷ್ಣಾ-ಗೋದಾವರಿ ಮುಖಜ ಪ್ರದೇಶದಂತಹ ಸಂಚಿತ ಶಿಲೆಗಳಲ್ಲಿ. ಆದ್ದರಿಂದ ನಾವು ಯೋಚಿಸಬೇಕಾದದ್ದು ಅಡಿಯ ಅನಿಲದ ಬಗ್ಗೆ ಅಲ್ಲ, ಮೇಲಿನ ತೋಟದ ಬಗ್ಗೆ.

ಕೊಳವೆ ಹಾಕಲು 1962ರ ಕೇಂದ್ರ ಕಾಯಿದೆಯೊಂದಿದೆ. ಅದರಂತೆ ಸರಕಾರ ಜಮೀನನ್ನು ಕೊಳ್ಳುವುದಿಲ್ಲ. ಅದರ 'ಬಳಕೆ ಹಕ್ಕ'ನ್ನು ಮಾತ್ರ ಪಡೆಯುತ್ತದೆ. ಒಡೆತನ ನಮ್ಮಲ್ಲೇ ಉಳಿಯುತ್ತದೆ. ಆದರೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಭತ್ತ, ರಾಗಿ ಬೆಳೆಯುವವನು ಮರುವರ್ಷ ಮತ್ತೆ ಬಿತ್ತಬಹುದು. ಅಡಿಕೆಯವನಿಗೆ, ಕಾಫಿಗೆ ನೆರಳು ಮರ ಬೆಳೆಸುವವನಿಗೆ ಆ ನೆಲ ಮರಕ್ಕೆ ಶಾಶ್ವತವಾಗಿ ಇಲ್ಲದಂತೆಯೇ. 20 ಮೀಟರು ಅಗಲ, 100 ಮೀಟರು ಉದ್ದದ ಪಟ್ಟಿ ಎಂದುಕೊಂಡರೆ ಸುಮಾರು ಅರ್ಧ ಎಕರೆ; ಒಂಬತ್ತು ಅಡಿ ಅಂತರದಲ್ಲಿ ಅದರಲ್ಲಿ ಸುಮಾರು 270 ಅಡಿಕೆ ಮರಗಳಿರುತ್ತವೆ.

ಪರಿಹಾರ ಎರಡು ಬಗೆ. ಕಡಿದ ಮರ, ಬೆಳೆ ಮತ್ತಿತರ ನಷ್ಟಕ್ಕೆ ಒಂದು. ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಇನ್ನೊಂದು. ಎರಡನೆಯದು ಎಲ್ಲರಿಗೂ ಒಂದೇ ದರ. ಆದ್ದರಿಂದ ತೋಟಗಾರನಿಗೆ ಮುಖ್ಯವಾದದ್ದು ಮೊದಲನೆಯದು.

ಹೀಗಾಗಿ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಅಧಿಸೂಚನೆಯ ಗೆಜೆಟ್ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ 21 ದಿನಗಳೊಳಗೆ ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಿಗೆ ಬರವಣಿಗೆಯಲ್ಲಿ ಕೊಡಬೇಕು. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಹಕ್ಕು ನಮಗಿದೆ. ಮಾರ್ಗವನ್ನು ತೋಟದ ಅಂಚಿಗೆ ಸರಿಸಿರೆಂದು ಕೇಳಲು ಇದೇ ಸಮಯ.

2. ಅಧಿಸೂಚನೆಗೆ ಮೊದಲೇ ಇದ್ದ ಶಾಶ್ವತ ಕಟ್ಟಡದ ಅಡಿಯಲ್ಲಾಗಲಿ, ವಾಸದ ಮನೆಗೆ ಸೇರಿದ ಹಿತ್ತಿಲಿನಲ್ಲಾಗಲಿ ಕೊಳವೆ ಹಾಕುವಂತಿಲ್ಲ. ಬೇರೆಡೆ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹಾಕುವಂತಿಲ್ಲ.

3. ಮರ ಕಡಿಯುವ ಮೊದಲೇ ಮರಗಳ ಸಂಖ್ಯೆ, ವಯಸ್ಸು, ಇಳುವರಿ ಬರೆಸಿ, ಮಹಜರಿನ ಪ್ರತಿ ಪಡೆಯಿರಿ. ಮರ ಬಿದ್ದ ಮೇಲೆ ಲೆಕ್ಕ ಹೇಳಲು ಸಾಕ್ಷಿ ಇರದು. ಹನಿ ನೀರಾವರಿಯ ಪೈಪು, ಬೇಲಿ, ಬಸಿಗಾಲುವೆಗಳನ್ನೂ ಸೇರಿಸಿ.

4. ಪಹಣಿ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಈಗಲೇ ಪೌತಿ ಖಾತೆ ಮಾಡಿಸಿಕೊಳ್ಳಿ. ನೋಟೀಸು ಬಂದ ಮೇಲೆ ಓಡಾಡಿದರೆ 21 ದಿನ ಸಾಲದು.

5. ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು.

ಒಂದೇ ಮಾರ್ಗದಲ್ಲಿ ಬರುವ ಅಕ್ಕಪಕ್ಕದ ತೋಟದವರು ಕೂಡಿ ಕುಳಿತು ಆಕ್ಷೇಪಣೆ ಬರೆದರೆ ಮರದ ಎಣಿಕೆಯೂ ದರವೂ ಒಬ್ಬರಿಗೊಂದು ರೀತಿ ಆಗದಂತೆ ನೋಡಿಕೊಳ್ಳಬಹುದು. ಸಹಕಾರವೆಂದರೆ ಗೊಬ್ಬರ ತರುವುದಕ್ಕೆ, ಅಡಿಕೆ ಮಾರುವುದಕ್ಕೆ ಮಾತ್ರವಲ್ಲ. ಇಂತಹ ಕಾಗದ ಪತ್ರದ ಕೆಲಸಕ್ಕೂ ಅದು ಬೇಕು.